ನೀಲಕಂಠಪ್ಪನವರ ಕಲೆಕ್ಟರ್ಸ್ ಎಡಿಶನ್

ನೀಲಕಂಠಪ್ಪನವರಿಗೆ ಮೋಸ ಮಾಡುವವನು ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದು ಊರಿನವರ ಅಭಿಪ್ರಾಯವಲ್ಲ, ಸ್ವತಃ ನೀಲಕಂಠಪ್ಪನವರದು. (ಅವರ ಹೆಂಡತಿ ಬಾಳವ್ವನವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.) ಜೀವಮಾನವೆಲ್ಲ ಒಣಮೆಣಸಿನಕಾಯಿ ವ್ಯಾಪಾರ ಮಾಡಿದವರು. ಚೀಲದ ಬಾಯಿ ಬಿಚ್ಚುವ ಮೊದಲೇ ಮೂಗಿನಿಂದ ದರ ಹೇಳುವವರು. ಬದನೆಕಾಯಿ ಕೊಳ್ಳಲು ಹೋದರೂ ಕಾಯಿಪಲ್ಲೆಯವಳು ತಾನಾಗಿಯೇ ಎರಡು ಹೆಚ್ಚಿಗೆ ಹಾಕಿ, "ಲಗೂ ಹೋಗ್ರಿ ಯಪ್ಪಾ, ಬ್ಯಾರೆ ಗಿರಾಕಿ ನಿಂತಾರ" ಎಂದು ಕೈಮುಗಿಯುತ್ತಿದ್ದಳು.

ಇಂಥ ಮಹಾನುಭಾವರಿಗೆ ಈ ವರ್ಷ ಒಂದು ಚಿಂತೆ ಹತ್ತಿತ್ತು. ಮಗ ಶಂಭುಲಿಂಗನ ಮದುವೆಯಾಗಿ ಆರು ತಿಂಗಳು. ಸೊಸೆ ಸೌಮ್ಯಾ ಗದಗಿನ ಹುಡುಗಿ, ಬಂಗಾರದಂಥ ಸ್ವಭಾವ. ಆದರೆ ಮಾವನ ಎದುರು ಒಂದು ದಿನವೂ ಬಾಯಿಬಿಟ್ಟು ನಕ್ಕಿರಲಿಲ್ಲ. ಕೇಳಿದ್ದಕ್ಕೆ "ಹೂಂರಿ", ಕೇಳದಿದ್ದಕ್ಕೂ "ಹೂಂರಿ". ತವರಿನಲ್ಲಿ ಅವಳು ನಕ್ಕರೆ ಓಣಿಗೆಲ್ಲ ಕೇಳಿಸುತ್ತಿತ್ತು ಎಂದು ಬೀಗರೇ ಹೇಳಿದ್ದರು. ಹಾಗಾದರೆ ಆ ನಗು ಗದಗಿನಲ್ಲೇ ಉಳಿಯಿತಲ್ಲ, ನಮ್ಮ ಮನೆಯಲ್ಲಿ ಏನು ಕಡಿಮೆಯಾಯಿತು ಎಂದು ಮಾವನವರು ಲಿಂಗಪೂಜೆಗೆ ಕೂತಾಗಲೂ ಯೋಚಿಸುತ್ತಿದ್ದರು. ಶಿವನ ಧ್ಯಾನಕ್ಕೆ ಕೂತು ಸೊಸೆಯ ಧ್ಯಾನ ಮಾಡಿದ್ದಕ್ಕೆ ಆಮೇಲೆ ಗಲ್ಲ ಬಡಿದುಕೊಳ್ಳುತ್ತಿದ್ದರು.

ಅವಳ ಕಣ್ಣು ಅರಳುವುದು ಒಂದೇ ಹೊತ್ತಿನಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ಟಿವಿಗೆ ಜೋಡಿಸಿದ ಆಟದ ಯಂತ್ರದ ಮುಂದೆ ಕೂತಾಗ. ಕೋಟೆ, ಕುದುರೆ, ಕತ್ತಿಯ ಆಟ. ನೀಲಕಂಠಪ್ಪನವರು ಅಂಗಡಿಯಿಂದ ಬಂದು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ದಸರೆಯ ಹೊತ್ತಿಗೆ ಒಮ್ಮೆ, "ಮೂರನೇ ಭಾಗ ಎಷ್ಟ ಸಲ ಆಡ್ತಿಯವಾ, ನಾಲ್ಕನೇದು ಬಂದಿಲ್ಲೇನು?" ಎಂದು ಕೇಳಿದ್ದರು.

"ಬರಾಕತ್ತೈತ್ರಿ ಮಾವಾರ. ರೇಟ್ ಭಾಳ ಐತ್ರಿ. ಇಳದ ಮ್ಯಾಲೆ ನೋಡೂಣು" ಎಂದಿದ್ದಳು ಸೌಮ್ಯಾ.

ರೇಟು! ನೀಲಕಂಠಪ್ಪನವರ ಮೈಯಲ್ಲಿ ಕರೆಂಟು ಹರಿಯಿತು. ದರ ಇಳಿಯಲಿ ಎಂದು ಕಾಯುವುದು ಸಾಮಾನ್ಯರ ಕೆಲಸ, ಇಳಿಸುವುದು ಅವರ ಕೆಲಸ.

"ದೀಪಾವಳಿಗೆ ಸೊಸಿಗೆ ನಾ ಆ ಆಟ ತರಾಂವ" ಎಂದು ಹೆಂಡತಿಗೆ ಘೋಷಿಸಿದರು.

"ಮೊದಲನೇ ದೀಪಾವಳಿಗೆ ಇಳಕಲ್ ಸೀರಿ ಉಡಸೋದ ಬಿಟ್ಟು ಆಟದ ಸಾಮಾನೇನ್ರಿ? ಆಕಿ ಏನ ತೊಟ್ಟಲದಾಗಿನ ಕೂಸೇನು?"

"ಸೀರಿ ನೋಡಿ ಯಾರರ ನಗತಾರೇನು?"

"ನೀವು ತಂದ ಸೀರಿ ನೋಡಿ ನಮ್ಮ ತವರಮನ್ಯಾಗ ಇನ್ನೂ ನಗತಾರ" ಎಂದರು ಬಾಳವ್ವನವರು. ಆಮೇಲೆ ದನಿ ತಗ್ಗಿಸಿ, "ಬ್ಯಾಡ್ರಿ. ಅದರಾಗ ನೂರಾ ಎಂಟ ನಮೂನಿ ಇರತಾವು. ನಿಮಗ ತಿಳಿಯಂಗಿಲ್ಲ."

"ನಿನಗ ಹೆಂಗ ಗೊತ್ತು?"

ಬಾಳವ್ವನವರು ಸೆರಗಿನಿಂದ ಮುಖ ಒರೆಸಿಕೊಂಡರು. "ಎಲ್ಲಾದಕ್ಕೂ ಇರತಾವ್ರಿ. ದೇವರ ಸೇವಾಕ್ಕ ಇಲ್ಲೇನು? ಹಣ್ಣು ಕಾಯಿಗೊಂದು, ಅಭಿಷೇಕಕ್ಕೊಂದು, ಮಹಾ ಅಭಿಷೇಕಕ್ಕೊಂದು" ಎನ್ನುತ್ತಾ ಒಳಗೆ ನಡೆದರು.

ಟಿವಿ ಆಟ ಮಾರುವ ಹಫೀಜನ ಅಂಗಡಿ ದುರ್ಗದಬೈಲಿನ ಒಂದು ಸಂದಿಯಲ್ಲಿ. ಹಿಂದೆ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ ಮಕಬೂಲಸಾಬರ ಮಗ ಅವನು. ಹಬ್ಬಕ್ಕೆ ನಾಲ್ಕು ದಿನವಿರುವಾಗ ಬಂದ ನೀಲಕಂಠಪ್ಪನವರನ್ನು ಕಂಡು ಕುರ್ಚಿ ಕೊಟ್ಟು, ನಾಲ್ಕನೇ ಭಾಗ ಕೇಳಿದ್ದಕ್ಕೆ, "ಯಾವ ಎಡಿಶನ್ ಬೇಕ್ರಿ ಕಾಕಾರ?" ಎಂದ.

"ಎಡಿಶನ್ ಅಂದ್ರ?"

"ಸ್ಟ್ಯಾಂಡರ್ಡ್ ಐತಿ, ಡಿಲಕ್ಸ್ ಐತಿ, ಗೋಲ್ಡ್ ಐತಿ, ಅಲ್ಟಿಮೇಟ್ ಐತಿ."

"ಸ್ಟ್ಯಾಂಡರ್ಡ್‌ದಾಗ ಏನ ಬರತೈತಿ?"

"ಆಟ ಬರತೈತ್ರಿ."

"ಡಿಲಕ್ಸ್‌ದಾಗ?"

"ಆಟ, ಮತ್ತ ಬಿಳಿ ಕುದುರಿ."

"ಅಂದ್ರ ಸ್ಟ್ಯಾಂಡರ್ಡ್‌ದವರು ನಡಕೋತ ಹೋಗಬೇಕೇನು?"

"ಇಲ್ರಿ, ಅವರಿಗೆ ಕಂದು ಬಣ್ಣದ ಕುದುರಿ ಇರತೈತಿ."

"ಬಿಳೀದು ಜೋರ ಓಡತೈತಿ?"

"ಎರಡೂ ಅಷ್ಟ ಓಡತಾವ್ರಿ."

ನೀಲಕಂಠಪ್ಪನವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು. ಮೆಣಸಿನಕಾಯಿಗೆ ಬಣ್ಣದ ಮೇಲೆ ದರ ಕಟ್ಟುವುದು ಅವರಿಗೆ ಗೊತ್ತು. ಆದರೆ ಮೆಣಸಿನಕಾಯಿಯನ್ನು ಕೊನೆಗೆ ಸಾರಿಗಾದರೂ ಹಾಕಬಹುದು. "ಗೋಲ್ಡ್?" ಎಂದರು.

"ಮುಂದಿನ ವರ್ಷ ಎರಡು ಹೊಸ ಕತಿ ಬರತಾವ್ರಿ, ಅವು ಅದರಾಗ ಸೇರ್ತಾವು."

"ಈಗ ಎಲ್ಲಿ ಅದಾವು?"

"ಇನ್ನೂ ಮಾಡಿಲ್ರಿ."

"ಮಾಡಿಲ್ಲದ್ದಕ್ಕ ಈಗ ರೊಕ್ಕ?" ಹತ್ತಿ ಹೂವಿನಲ್ಲಿರುವಾಗಲೇ ಮುಂಗಡ ಕೊಟ್ಟವರನ್ನು ಅವರು ಕಂಡಿದ್ದರು. ಅವರೂ ಹೊಲವನ್ನಾದರೂ ಕಣ್ಣಿಂದ ನೋಡಿರುತ್ತಿದ್ದರು. "ಅಲ್ಟಿಮೇಟ್?"

"ಅದು ಈಗ ತಗೊಂಡ ಉಪಯೋಗಿಲ್ರಿ. ಅದನ್ನ ಮೊದಲ ತಗೊಂಡವರಿಗೆ ಎಲ್ಲಾರಿಗಿಂತ ಮೂರ ದಿನ ಮುಂಚೆ ಆಡಾಕ ಬಿಟ್ಟಿದ್ರು."

ನೀಲಕಂಠಪ್ಪನವರು ಪೇಟೆಯ ಕಡೆ ತಿರುಗಿ ಕೂತರು. ಬಣ್ಣ ಮಾರಿದರು, ಸರಿ. ಹುಟ್ಟದ್ದನ್ನು ಮಾರಿದರು, ಸರಿ. ಮೂರು ದಿನವನ್ನು ಮಾರಿದ್ದಾರಲ್ಲ! ಕಾಲವನ್ನು ಕಾಳಿನ ಹಾಗೆ ಸೇರಿನಲ್ಲಿ ಅಳೆದು ಕೊಟ್ಟಿದ್ದಾರಲ್ಲ! ಇಷ್ಟು ವರ್ಷ ತಾನು ಮಾಡಿದ್ದು ವ್ಯಾಪಾರವೇ ಅಲ್ಲ, ಬರೀ ಚೀಲ ಹೊತ್ತದ್ದು ಎನಿಸಿತು. ಕಾಣದ ಆ ವ್ಯಾಪಾರಿಗೆ ಮನಸ್ಸಿನಲ್ಲೇ ಕೈಮುಗಿದರು.

ಆಗ ಮೇಲಿನ ಅಟ್ಟದಲ್ಲಿದ್ದ ದೊಡ್ಡ ಪೆಟ್ಟಿಗೆ ಕಣ್ಣಿಗೆ ಬಿತ್ತು. ಕರೀ ಬಣ್ಣ, ಬಂಗಾರದ ಅಕ್ಷರ, ಹೆಣ್ಣಿನ ಕಡೆಯವರು ಕೊಡುವ ಪೆಟ್ಟಿಗೆಯಷ್ಟು ಗಾತ್ರ.

"ಅದೇನು?"

"ಕಲೆಕ್ಟರ್ಸ್ ಎಡಿಶನ್‌ರಿ. ಆದ್ರ ಕಾಕಾರ, ಅದರಾಗ…"

"ಮಾತ ಬ್ಯಾಡ" ಎಂದರು ನೀಲಕಂಠಪ್ಪನವರು. ಮಾರುವವನು ವಿವರಣೆ ಶುರುಮಾಡಿದನೆಂದರೆ ದರ ಏರಿಸುತ್ತಿದ್ದಾನೆ ಎಂಬುದು ಅವರ ಮೂಲಸಿದ್ಧಾಂತ. "ನಿಮ್ಮಪ್ಪನ ಪದ್ಧತಿ ಮಾಡೂಣು. ಕೈ ತಾ" ಎಂದು ಹೆಗಲ ಮೇಲಿನ ವಲ್ಲಿ ತೆಗೆದು ಅವನ ಕೈಮೇಲೆ ಹೊದಿಸಿದರು.

ದನದ ಸಂತೆಯಲ್ಲಿ ಹೀಗೆ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕೂಡಿಸುತ್ತಾರೆ. ಆಗ ಯಾರೂ ಬಾಯಿ ತೆರೆಯುವಂತಿಲ್ಲ. ಕೈ ಒತ್ತಿದ ಮೇಲೆ ಮಾತು ಮುರಿಯುವಂತಿಲ್ಲ. ಹಫೀಜ ಚಿಕ್ಕಂದಿನಲ್ಲಿ ತಂದೆಯ ಜೊತೆ ಸಂತೆ ತಿರುಗಿದವನು. ವಲ್ಲಿ ಬಿದ್ದ ಮೇಲೆ ಮಾತಾಡಿದರೆ ಮಣ್ಣಿನಲ್ಲಿ ಮಲಗಿದ ತಂದೆ ಎದ್ದು ಕೂರುತ್ತಾನೆ ಎಂದು ಸುಮ್ಮನಾದ. ಕಣ್ಣಿನಿಂದ ಮಾತ್ರ ಪೆಟ್ಟಿಗೆಯ ಕೆಳಗಿನ ಸಣ್ಣ ಅಕ್ಷರದ ಕಡೆ ತೋರಿಸಿದ. ನೀಲಕಂಠಪ್ಪನವರು ಅದನ್ನು ಮಾರುವವನ ನಾಟಕವೆಂದು ತಿಳಿದು ಒಂದು ಬೆರಳು ಮಡಚಿದರು. ಅವನು ಹುಬ್ಬು ಹಾರಿಸಿದ. ಇವರು ಇನ್ನೊಂದು ಮಡಚಿದರು. ಅವನು ಗೋಣು ಅಲ್ಲಾಡಿಸಿ ನಿಟ್ಟುಸಿರು ಬಿಟ್ಟ. ಇವರು ಕೈ ಒತ್ತಿಬಿಟ್ಟರು.

"ಕಾಕಾರ, ಈಗರ ಕೇಳ್ರಿ…"

"ಈಗೇನ ಕೇಳೋದು, ಮುಗೀತು" ಎಂದು ರೊಕ್ಕ ಎಣಿಸಿಕೊಟ್ಟು, ಪೆಟ್ಟಿಗೆ ಹೊತ್ತು ರಿಕ್ಷಾ ಹತ್ತಿದರು.

ಪಾಡ್ಯದ ದಿನ ಶಂಭುಲಿಂಗ ಅಂಗಡಿಪೂಜೆಗೆಂದು ಮುಂದೆ ಹೋದ ಮೇಲೆ, ನೀಲಕಂಠಪ್ಪನವರು ಸೊಸೆಯನ್ನು ಪಡಸಾಲೆಗೆ ಕರೆದು ಪೆಟ್ಟಿಗೆ ಮುಂದಿಟ್ಟರು. ಒಲೆಯ ಮೇಲೆ ಹೋಳಿಗೆಗೆ ಬೇಳೆ ಕುದಿಯುತ್ತಿತ್ತು. ಬಾಳವ್ವನವರೂ ಕೈ ಒರೆಸಿಕೊಳ್ಳುತ್ತಾ ಬಂದರು.

ಸೌಮ್ಯಾ ಒಂದೊಂದಾಗಿ ಹೊರತೆಗೆದಳು. ಕತ್ತಿ ಹಿಡಿದ ಗೇಣುದ್ದದ ವೀರನ ಮೂರ್ತಿ. ಬಟ್ಟೆಯ ಮೇಲೆ ಅಚ್ಚುಹಾಕಿದ ನಕಾಶೆ. ಆಟದ ಡಿಸ್ಕ್ ಇಡಲು ಒಂದು ತಗಡಿನ ಡಬ್ಬಿ. ಡಬ್ಬಿ ತೆರೆದಳು. ಒಳಗೆ ಏನೂ ಇರಲಿಲ್ಲ.

"ಆಟ ಎಲ್ಲೈತವಾ?"

ಸೌಮ್ಯಾ ಪೆಟ್ಟಿಗೆಯ ತಳ ಓದಿ ಮೆಲ್ಲಗೆ ಹೇಳಿದಳು, "ಇದರಾಗ ಆಟ ಬರಂಗಿಲ್ರಿ ಮಾವಾರ. ಬ್ಯಾರೆ ತಗೋಬೇಕಂತ ಬರದಾರ."

ನೀಲಕಂಠಪ್ಪನವರು ಗೋಡೆಗೆ ಆತು ಕೂತರು. ಸಿಟ್ಟು ಬರಲಿಲ್ಲ, ದಿಗ್ಭ್ರಮೆ ಬಂತು. ಇಲ್ಲದ್ದನ್ನು ಇದೆಯೆಂದು ತೋರಿಸುವುದು ಮಾಯೆ. ಇಲ್ಲದ್ದನ್ನು ಇಲ್ಲವೆಂದೇ ಬರೆದು, ಎಲ್ಲಕ್ಕಿಂತ ಹೆಚ್ಚಿನ ದರಕ್ಕೆ ಮಾರುವುದು ಮಾಯೆಯ ತಾಯಿ. "ಆಟ ಇಲ್ಲದ ಆಟ ಮಾರ್ಯಾರು, ಶಿವನೇ" ಎಂದರು. ಸೊಸೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಹಬ್ಬದ ದಿನ ಹುಡುಗಿಗೆ ಖಾಲಿ ಡಬ್ಬಿ ಕೊಟ್ಟಂತಾಯಿತಲ್ಲ.

ಬಾಳವ್ವನವರು ಬಯ್ಯಬೇಕಿತ್ತು, ಬಯ್ಯಲಿಲ್ಲ. ಸೊಸೆಯನ್ನು ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು.

"ಹೇಳಿಬಿಡವಾ" ಎಂದರು ಬಾಳವ್ವನವರು. "ಪಾಪ ಅನಸಾಕತ್ತೈತಿ."

"ಆಟ ನಮ್ಮ ಮನ್ಯಾಗ ಐತ್ರಿ ಮಾವಾರ" ಎಂದಳು ಸೌಮ್ಯಾ. "ಅದು ಬಂದ ದಿನಾನ ಅತ್ತಿ ಕೊಡಿಸ್ಯಾರ್ರಿ. ಮಧ್ಯಾಹ್ನ ನೀವು ಅಂಗಡಿಗೆ ಹೋದ ಮ್ಯಾಲೆ ಇಬ್ಬರೂ ಆಡ್ತೀವ್ರಿ."

"ಇಬ್ಬರೂ ಅಂದ್ರ?"

"ನಾನೂ" ಎಂದರು ಬಾಳವ್ವನವರು, ಮೂಗುತಿ ಸರಿಮಾಡಿಕೊಳ್ಳುತ್ತಾ. "ಈ ವಯಸ್ಸಿನಾಗ ಕತ್ತಿ ಹಿಡದಾಳಂತ ನಕ್ಕೀರಂತ ಹೇಳಿರಲಿಲ್ಲ. ಡಿಲಕ್ಸ್ ತಗೊಂಡೀವಿ. ಅಲ್ಟಿಮೇಟ್ ಸುಳ್ಳ, ಅದರಾಗೇನಿಲ್ಲ."

ನೀಲಕಂಠಪ್ಪನವರು ಹೆಂಡತಿಯನ್ನು ಹೊಸದಾಗಿ ಹೆಣ್ಣು ನೋಡಲು ಬಂದವರಂತೆ ನೋಡಿದರು.

"ಆದ್ರ ಈ ಮೂರ್ತಿ ನನಗ ಭಾಳ ಮನಸಿತ್ರಿ" ಎಂದು ಸೌಮ್ಯಾ ವೀರನನ್ನು ಎದೆಗೊತ್ತಿಕೊಂಡಳು. "ಕೇಳಾಕ ನಾಚಿಕಿ ಆಗಿತ್ತು."

ಮುಳುಗುವವರಿಗೆ ಹುಲ್ಲುಕಡ್ಡಿ ಸಾಕು. ನೀಲಕಂಠಪ್ಪನವರು ಎದ್ದು ನಿಂತರು. "ಅದಕ್ಕ ನಾ ಹಫೀಜಗ ಅಂದೆ, ಆಟ ಬ್ಯಾಡಪಾ, ಪೆಟ್ಟಿಗಿ ಅಷ್ಟ ಕೊಡು ಅಂತ."

"ಹೌದೇನ್ರಿ" ಎಂದರು ಬಾಳವ್ವನವರು. ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಅವಮಾನ ತುಂಬುವ ಶಕ್ತಿ ಅವರಿಗೆ ದೈವದತ್ತವಾಗಿ ಬಂದಿತ್ತು.

ಗುಟ್ಟು ಒಡೆದಿತ್ತು, ಇನ್ನು ಮಧ್ಯಾಹ್ನದವರೆಗೆ ಯಾಕೆ ಕಾಯಬೇಕು? ಅತ್ತೆ ಚಸ್ಮಾ ಏರಿಸಿದರು, ಸೊಸೆ ಯಂತ್ರ ಹಚ್ಚಿದಳು.

"ನನಗೂ ಒಂದ ಕೈ ಕೊಡ್ರಿ" ಎಂದರು ನೀಲಕಂಠಪ್ಪನವರು.

"ಇದು ಇಬ್ಬರದ ಐತ್ರಿ ಮಾವಾರ. ಮೂರನೇದವರಿಗೆ ಬ್ಯಾರೆ ಯಂತ್ರ, ಬ್ಯಾರೆ ಆಟ, ವರ್ಷದ ಚಂದಾ ಬ್ಯಾರೆ."

"ಅಲ್ಲೇ ಯಾಕ ನಿಂತೀರಿ?" ಎಂದರು ಬಾಳವ್ವನವರು ಪರದೆಯಿಂದ ಕಣ್ಣು ಕೀಳದೆ. "ಬ್ಯಾಳಿ ಬಸದು ಬೆಲ್ಲಾ ಹಾಕಿ ಕೈಯಾಡಸ್ರಿ. ತಳ ಹಿಡದೀತು."

"ನೀ ಏಳಲ್ಲ."

"ಇದು ನಡುವ ನಿಲ್ಲಸಾಕ ಬರಂಗಿಲ್ರಿ."

ಆಟದಲ್ಲಿ ಇಬ್ಬರಿಗೇ ಜಾಗವಿತ್ತು. ಅಡುಗೆಮನೆಯಲ್ಲಿ ಒಬ್ಬರದು ಖಾಲಿಯಿತ್ತು. ನೀಲಕಂಠಪ್ಪನವರು ಹೋದರು. ಸ್ವಲ್ಪ ಹೊತ್ತಿನ ಮೇಲೆ ನಡುವಿಗೆ ವಲ್ಲಿ ಬಿಗಿದು, ಕೈಯಲ್ಲಿ ಸೌಟು ಹಿಡಿದು, ಮೀಸೆಗೆ ಹೂರಣ ಮೆತ್ತಿಕೊಂಡು ಬಾಗಿಲಲ್ಲಿ ನಿಂತು ಬಲು ಗಾಂಭೀರ್ಯದಿಂದ ಕೇಳಿದರು: "ಬ್ಯಾಳಿ ಬಸೀಬೇಕಂದಿ. ಬೆಲ್ಲಾ ಹಾಕೋ ಮೊದಲೋ, ಹಾಕಿದ ಮ್ಯಾಲೋ?"

ಸೌಮ್ಯಾ ತಿರುಗಿ ನೋಡಿದಳು. ತುಟಿ ಕಚ್ಚಿ ಹಿಡಿಯಲು ನೋಡಿದಳು, ಆಗಲಿಲ್ಲ. ಕೈಯಲ್ಲಿದ್ದದ್ದನ್ನು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಬಿದ್ದು ನಕ್ಕಳು. ಎದುರುಮನೆಯ ಕಾಶೀಬಾಯಿ ಕಿಟಕಿ ತೆರೆದು ಏನಾಯಿತೆಂದು ಇಣುಕಿದರು. ಪರದೆಯ ಮೇಲೆ ಸೌಮ್ಯಾಳ ವೀರ ಕೋಟೆಯ ಗೋಡೆಯಿಂದ ಜಾರಿ ಸತ್ತ.

"ನೋಡ್ರಿ, ಗೆಲ್ಲೋ ಆಟ ಕೆಡಿಸಿದ್ರಿ" ಎಂದರು ಬಾಳವ್ವನವರು. "ಹೋಗ್ರಿ ಒಳಗ."

ನೀಲಕಂಠಪ್ಪನವರು ಒಳಗೆ ಹೋದರು. ಹೂರಣ ಹಾಳಾಗಿತ್ತು. ಅದರ ಮುಂದೆ ನಿಂತು, ಹೊರಗೆ ಇನ್ನೊಮ್ಮೆ ಹೋಗಲು ಏನು ಕೇಳಬಹುದೆಂದು ಯೋಚಿಸತೊಡಗಿದರು.