ಒನಕೆ ಲೆನ್ಸು ಮತ್ತು ಬಿಸಿ ಸೂಪು

ಇನ್ನು ಮೇಲೆ ಈ ಮನೆಯಲ್ಲಿ ಫೋಟೋ ಎಂದರೆ ಬರೀ ಫೋಟೋ ಅಲ್ಲ, ಕಲಾಕೃತಿ ಎಂದು ಹಲ್ಲಿನ ಡಾಕ್ಟರು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಘೋಷಿಸಿದರು. ಈ ಘೋಷಣೆಯ ಕಾರಣ ಮೇಜಿನ ಮೇಲೆಯೇ ಅಡ್ಡಡ್ಡ ಮಲಗಿತ್ತು. ಹೊಸ ಲೆನ್ಸು! ಕಪ್ಪಗೆ, ಮೊಣಕೈಯಷ್ಟು ಉದ್ದ, ಎತ್ತಿದರೆ ಎಳೆಮಗುವಿನ ತೂಕ. ಅದು ಬಂದ ದಿನ ಸೋಂಕಿನ ಭಯಕ್ಕೆ ಡಬ್ಬಿಯನ್ನು ಬಾಲ್ಕನಿಯ ಬಿಸಿಲಿನಲ್ಲಿ ಕ್ವಾರಂಟೈನ್ ಮಾಡಿದ್ದರು. ಡಾಕ್ಟರು ಗಂಟೆಗೊಮ್ಮೆ ಎದ್ದು ಹೋಗಿ ಗಾಜಿನ ಬಾಗಿಲಿನ ಈಚೆಯಿಂದ ಅದನ್ನು ಕಣ್ತುಂಬ ನೋಡಿ ಬರುತ್ತಿದ್ದರು, ಹೆರಿಗೆ ಆಸ್ಪತ್ರೆಯಲ್ಲಿ ಹೊಸದಾಗಿ ಅಪ್ಪನಾದವನ ಹಾಗೆ.

ಬಾಯಿ ತೆರೆಯುವುದೇ ಅಪಾಯವಾಗಿದ್ದ ಕಾಲದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಯಾರು ಬರುತ್ತಾರೆ? ಕ್ಲಿನಿಕ್ಕು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಖಾಲಿ ಕುರ್ಚಿಯ ಪಕ್ಕದಲ್ಲಿ ಕೂತು ಡಾಕ್ಟರು ಫೋನಿನಲ್ಲಿ ಫೋಟೋಗ್ರಫಿಯ ಪಾಠ ಕೇಳಿದರು. ಕೇಳಿ ಕೇಳಿ ಕೈ ತುರಿಸಿತು. ಲೆನ್ಸು ಬಂತು. ಜೊತೆಗಿದ್ದ ಅತ್ತೆಯವರು ಅದನ್ನು ನೋಡಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗೊಣಗಿದರು. ಆಮೇಲೆ ಅದಕ್ಕೆ ಒನಕೆ ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು.

ಅತ್ತೆಯವರ ಬಾಯಲ್ಲಿರಬೇಕಾದ ಎರಡು ಸಾಲು ಹಲ್ಲೂ ಅಳಿಯಂದಿರದೇ ಕೈಕೆಲಸ. ಇರಬೇಕಾದ ಎಂದು ಯಾಕೆ ಹೇಳಿದೆನೆಂದರೆ, ಮಾಸ್ಕು ಬಂದಾಗಿನಿಂದ ಅವರು ಹಲ್ಲಿನ ಸೆಟ್ಟನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟಿದ್ದರು. ಮುಚ್ಚಿದ ಅಂಗಡಿಗೆ ದೀಪದ ಅಲಂಕಾರ ಯಾಕೆ ಎನ್ನುವುದು ಅವರ ವಾದ. ಡಾಕ್ಟರಿಗೆ ಇದೊಂದು ನುಂಗಲಾರದ ತುತ್ತಾಗಿತ್ತು.

ಆ ಭಾನುವಾರ ಮೂವರೂ ಹೋಟೆಲಿಗೆ ಹೊರಟಿದ್ದರು. ಒಂದೂವರೆ ವರ್ಷದ ಮೇಲೆ ಮೊದಲ ಸಲ! ಅತ್ತೆಯವರು ಡಬ್ಬಿ ತೆರೆದು ಹಲ್ಲು ತೊಟ್ಟರು. ಡಾಕ್ಟರು ಕ್ಯಾಮೆರಾಕ್ಕೆ ಒನಕೆ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡರು. ಅವರ ಹೆಂಡತಿ ಚಪ್ಪಲಿ ಮೆಟ್ಟುವ ಮುಂಚೆ ನಿಂತರು. ಈಕೆ ಶಾಲೆಯಲ್ಲಿ ಗಣಿತದ ಟೀಚರು. ಒಂದೂವರೆ ವರ್ಷ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಒಗ್ಗರಣೆಯ ನಡುವೆ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟವರು.

"ಕ್ಯಾಮೆರಾ ತಗೊಳ್ಳಿ, ಬೇಡ ಅನ್ನಲ್ಲ" ಎಂದರು ಟೀಚರು. "ಆದ್ರೆ ಒಂದು ಮಾತು. ಇಷ್ಟು ದಿನ ನಾನು ಒಂದು ತುತ್ತೂ ಬಿಸಿಬಿಸಿಯಾಗಿ ತಿಂದಿಲ್ಲ ರೀ. ಬಡಿಸಿ ಕೂತ್ಕೊಳ್ಳೋ ಹೊತ್ತಿಗೆ ಅರ್ಧ ಆರಿರುತ್ತೆ. ಉಳಿದ ಅರ್ಧ ನಿಮ್ಮ 'ಒಂದೇ ನಿಮಿಷ'ದಲ್ಲಿ ಆರುತ್ತೆ. ಇವತ್ತು ಬೇರೆಯವರು ಮಾಡಿ, ಬೇರೆಯವರು ತಂದಿಟ್ಟಿದ್ದನ್ನ ಹೊಗೆಯಾಡ್ತಿರುವಾಗ್ಲೇ ತಿನ್ನಬೇಕು. ಅಷ್ಟೇ."

ನಿಜವೇ. ಮನೆಯಲ್ಲಿ ಯಾವ ತಟ್ಟೆಯಾದರೂ ಮೊದಲು ಡಾಕ್ಟರ ಕ್ಯಾಮೆರಾಕ್ಕೆ ಪೋಸು ಕೊಟ್ಟು ಆಮೇಲೆ ಬಾಯಿಗೆ ಹೋಗಬೇಕಿತ್ತು. ಹಬೆ ಚೆನ್ನಾಗಿ ಬರುತ್ತಿದೆ, ಒಂದೇ ನಿಮಿಷ ಎಂದು ಅವರು ಶುರುಮಾಡಿದರೆ, ಹಬೆ ಪೂರ್ತಿ ಹೋದ ಮೇಲೆಯೇ ನಿಲ್ಲಿಸುತ್ತಿದ್ದರು. ಇವತ್ತು ಹಾಗಾಗುವುದಿಲ್ಲ ಎಂದು ಡಾಕ್ಟರು ಎದೆ ತಟ್ಟಿಕೊಂಡು ಮಾತು ಕೊಟ್ಟರು. ಈ ಲೆನ್ಸು ಬಾಣ ಇದ್ದ ಹಾಗೆ, ಒಂದೇ ಏಟು, ಒಂದೇ ಫೋಟೋ ಎಂದರು.

ಹೋಟೆಲಿನ ಮುಂಭಾಗವೆಲ್ಲ ಗಾಜು. ಬಾಗಿಲಿನಲ್ಲಿ ಸೆಕ್ಯೂರಿಟಿಯವನು ಹಣೆಗೆ ಪಿಸ್ತೂಲಿನಂಥ ಥರ್ಮಾಮೀಟರ್ ಹಿಡಿದು ಜ್ವರ ನೋಡಿದ, ಕೈಗೆ ಸ್ಯಾನಿಟೈಸರ್ ಹುಯ್ದ. ಒಳಗೆ ಲೆಕ್ಕದ ಜನಕ್ಕೆ ಮಾತ್ರ ಜಾಗ. ಒಬ್ಬರು ಹೊರಗೆ ಬಂದರೆ, ಬೆಂಚಿನ ಮೇಲೆ ಕಾಯುತ್ತಿರುವ ಒಬ್ಬರು ಒಳಗೆ.

ಒಳಗೆ ಕಾಲಿಟ್ಟ ಡಾಕ್ಟರು ಹಾಗೇ ನಿಂತುಬಿಟ್ಟರು. ಮುಖಗಳು! ಒಂದೊಂದು ಮೇಜು ಬಿಟ್ಟು ಒಂದರಲ್ಲಿ, ಹಣೆಯಿಂದ ಗಲ್ಲದ ತನಕ ಪೂರ್ತಿ ಮುಖಗಳು! ಇಷ್ಟೊಂದು ಮೂಗುಗಳನ್ನು ಒಟ್ಟಿಗೆ ನೋಡಿ ಎಷ್ಟು ಕಾಲವಾಗಿತ್ತು! ಮೂಲೆಯಲ್ಲಿ ಒಬ್ಬ ಅಜ್ಜ ಬಾಯಿ ತುಂಬ ತುಂಬಿಕೊಂಡು ನಗುತ್ತಿದ್ದ. ಡಾಕ್ಟರು ತಮ್ಮ ಆಯುಷ್ಯದಲ್ಲಿ ಸಾವಿರಾರು ಬಾಯಿ ನೋಡಿದ್ದರು, ಆದರೆ ಅವರ ಕುರ್ಚಿಯಲ್ಲಿ ಬಾಯಿ ತೆರೆದವರು ಯಾರೂ ಸುಖಕ್ಕೆ ತೆರೆದವರಲ್ಲ. ಬಾಯಿ ಎನ್ನುವುದು ಇದಕ್ಕೂ ಇದೆಯಲ್ಲ ಎಂದು ಅವರಿಗೆ ಬೆರಗಾಯಿತು.

ಫೋನನ್ನು ಮೇಜಿನ ಮೇಲಿಟ್ಟು ಮೆನು ನೋಡಿ ಹೇಳಿದ್ದಾಯಿತು. ಬ್ರೆಡ್ಡಿನ ಜೊತೆ ಸೂಪು ಬಂತು. ಹಬೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಟೀಚರು ಚಮಚ ಎತ್ತಿದರು.

"ಇವಳೇ, ಒಂದೇ ನಿಮಿಷ!"

ಚಮಚ ಗಾಳಿಯಲ್ಲಿ ನಿಂತಿತು. ಡಾಕ್ಟರು ಕ್ಯಾಮೆರಾಕ್ಕೆ ಕಣ್ಣಿಟ್ಟರು. ಕಂಡಿದ್ದು ಮಸುಕು ಮಸುಕಾದ ಒಂದು ಹುಬ್ಬು. ಆ ಲೆನ್ಸಿಗೆ ಹತ್ತಿರದ್ದು ಕಾಣದು, ದೂರದ್ದೇ ಬೇಕು ಎನ್ನುವ ಪಾಠ ಡಾಕ್ಟರಿಗೆ ಆಗ ನೆನಪಾಯಿತು. ಇಡೀ ಊರಿಗೆ ಅಂತರ ಕಾಯ್ದುಕೊಳ್ಳಿ ಎಂದು ಸಾರಿದ ಸರ್ಕಾರಕ್ಕಿಂತ ಈ ಒನಕೆಯೇ ಕಟ್ಟುನಿಟ್ಟು! ಮಾಸ್ಕು ಏರಿಸಿ, ಎದ್ದು ಹಿಂದಕ್ಕೆ ಸರಿದರು. ಒಂದು ಮೂಗು ಕಂಡಿತು. ಇನ್ನೂ ಹಿಂದಕ್ಕೆ, ಖಾಲಿ ಮೇಜು ದಾಟಿ. ಟೀಚರ ಮುಖ ಸಿಕ್ಕಿತು, ಸೂಪು ಸಿಕ್ಕಲಿಲ್ಲ. ಅಷ್ಟರಲ್ಲಿ ಅತ್ತೆಯವರು, "ಅಳಿಯಂದಿರೇ, ನಾನೂ ಬರ್ಲಿ. ಇವತ್ತು ಹಲ್ಲು ಹಾಕ್ಕೊಂಡಿದೀನಿ" ಎಂದರು. ಹಲ್ಲಿನ ವಿಷಯ ಬಂದರೆ ಡಾಕ್ಟರು ಇಲ್ಲವೆನ್ನುವುದುಂಟೇ? ಮತ್ತೆ ಹಿಂದಕ್ಕೆ. ಕೈತೊಳೆಯುವ ಬೇಸಿನ್ನಿನ ಹತ್ತಿರ ಒಬ್ಬರ ಕಾಲು ತುಳಿದರು, ಕ್ಷಮೆ ಕೇಳಿದರು, ತಟ್ಟೆ ಹೊತ್ತು ಬಂದ ಮಾಣಿಗೆ ದಾರಿ ಬಿಟ್ಟರು, ಇನ್ನೊಂದು ಹೆಜ್ಜೆ, ಇನ್ನೊಂದೇ ಒಂದು ಹೆಜ್ಜೆ ಎಂದು ಬೆನ್ನಿನಿಂದ ಏನನ್ನೋ ತಳ್ಳಿದರು. ಅದು ಬಾಗಿಲು. ಡಾಕ್ಟರು ಬೀದಿಯಲ್ಲಿದ್ದರು.

ಒಬ್ಬರು ಹೊರಗೆ ಬಂದರಲ್ಲ! ಸೆಕ್ಯೂರಿಟಿಯವನು ಬೆಂಚಿನ ಮೇಲಿದ್ದ ಒಬ್ಬ ದಢೂತಿ ಆಸಾಮಿಯನ್ನು ಒಳಗೆ ಬಿಟ್ಟ. ಬಾಗಿಲು ಮುಚ್ಚಿತು.

ಡಾಕ್ಟರು ತಾವು ಹೊರಗೆ ಬಂದವರಲ್ಲ, ಹಿಂದಕ್ಕೆ ಹೋದವರು ಎಂದು ವಿವರಿಸಿದರು. ತಮ್ಮ ಹೆಂಡತಿ ಒಳಗಿದ್ದಾಳೆ, ಅತ್ತೆ ಒಳಗಿದ್ದಾರೆ, ಫೋನು ಒಳಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ಸೂಪು ಒಳಗಿದೆ ಎಂದರು. ಇನ್ನೊಬ್ಬರು ಹೊರಗೆ ಬಂದ ಮೇಲೆ ಬಿಡುತ್ತೇನೆ ಎಂದ ಅವನು. ಅಷ್ಟರಲ್ಲೇ ಒಬ್ಬರು ಬಂದರು ಕೂಡ. ಡಾಕ್ಟರು ಹಣೆ ಒಡ್ಡಿದರು. ನಡುಮಧ್ಯಾಹ್ನದ ಬಿಸಿಲು, ಕೊರಳಲ್ಲಿ ಎಳೆಮಗುವಿನ ತೂಕ, ಮೇಲೆ ವಾದ ಮಾಡಿದ ಆವೇಶ. ಥರ್ಮಾಮೀಟರು ಕೆಂಪಗೆ ಕೂಗಿತು.

"ಬಿಸಿ ಇದೀರಿ ಸರ್" ಎಂದ ಅವನು ಎರಡು ಹೆಜ್ಜೆ ಹಿಂದೆ ಸರಿದು. "ನೆರಳಲ್ಲಿ ನಿಂತ್ಕೊಳ್ಳಿ. ಆರಿದ ಮೇಲೆ ನೋಡೋಣ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಡಾಕ್ಟರು ಗಾಜಿನ ಈಚೆ ನಿಂತು ಎರಡೂ ಕೈ ಬೀಸಿ, ನನ್ನನ್ನು ಬಿಡುತ್ತಿಲ್ಲ, ತಡೆಯಿರಿ ಎಂದು ಸನ್ನೆ ಮಾಡಿದರು. ಒಳಗಿದ್ದವರು ಅದನ್ನು, ನನಗೆ ಇನ್ನೂ ತಡವಾಗುತ್ತದೆ, ನೀವು ಶುರುಮಾಡಿ ಎಂದು ತಿಳಿದು ಸಂತೋಷವಾಗಿ ತಲೆಯಾಡಿಸಿದರು. ತಮ್ಮ ಪಾಲಿನ ಗತಿ ಏನಾಯಿತೆಂದು ನೋಡಲು ಡಾಕ್ಟರು ಒನಕೆಯನ್ನು ದುರ್ಬೀನಿನಂತೆ ಎತ್ತಿದರು.

ಲೆನ್ಸಿಗೆ ಬೇಕಿದ್ದುದು ಇಷ್ಟೇ ದೂರ! ಇಡೀ ಮೇಜು ಸ್ಪಷ್ಟವಾಗಿ ಕಂಡಿತು. ಹಬೆ ಇನ್ನೂ ಏಳುತ್ತಿತ್ತು. ಟೀಚರು ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹುಬ್ಬಿನ ನಡುವಿನ ಗೆರೆ, ಭಿನ್ನರಾಶಿಗೂ ಪಾತ್ರೆಗೂ ಅಂಟಿಕೊಂಡೇ ಇದ್ದ ಗೆರೆ, ಮೆಲ್ಲಗೆ ಅಳಿಸಿಹೋಯಿತು. ಮದುವೆಯಾದ ಹೊಸತರಲ್ಲಿ ಕಂಡಿದ್ದ ಮುಖ ಅದು. ಅದು ಎಲ್ಲೂ ಹೋಗಿರಲಿಲ್ಲ, ಇವರ 'ಒಂದೇ ನಿಮಿಷ' ಮುಗಿಯಲೆಂದು ಕಾಯುತ್ತಿತ್ತು ಅಷ್ಟೇ. ಪಕ್ಕದಲ್ಲಿ ಅತ್ತೆಯವರು ಏನೋ ಹೇಳಿ ಬಾಯ್ತುಂಬ ನಕ್ಕರು. ಎರಡು ಸಾಲೂ ಥಳಥಳ ಹೊಳೆದವು. ಎಂಥ ಕೆಲಸ! ತಾವೇ ಮಾಡಿದ ಹಲ್ಲು ತಮ್ಮದೇ ಪಾಲಿನ ಬ್ರೆಡ್ಡನ್ನು ಅಗಿಯುತ್ತಿರುವುದನ್ನು ಡಾಕ್ಟರು ಹೆಮ್ಮೆಯಿಂದಲೂ ಹಸಿವಿನಿಂದಲೂ ನೋಡಿದರು. ಒಂದು ಸಲ, ಒಂದೇ ಸಲ, ಬಟನ್ ಒತ್ತಿದರು.

"ಏನ್ ಸರ್ ಅಷ್ಟೊತ್ತಿಂದ ನೋಡ್ತಿದೀರಿ?" ಎಂದ ಸೆಕ್ಯೂರಿಟಿಯವನು.

"ನನ್ನ ಹೆಂಡತೀನ."

"ಮನೇಲಿ ನೋಡಿಲ್ವಾ?"

"ಇಲ್ಲ" ಎಂದರು ಡಾಕ್ಟರು.

ಅವರು ಆರಿ ಒಳಗೆ ಹೋಗುವ ಹೊತ್ತಿಗೆ ಐಸ್‌ಕ್ರೀಮೂ ಮುಗಿದಿತ್ತು. ಅಡುಗೆಮನೆ ಮುಚ್ಚಿತೆಂದು ಮಾಣಿ ಹೇಳಿದ. ಡಾಕ್ಟರ ಸೂಪು ಮಾತ್ರ ಕೆನೆಗಟ್ಟಿ ತಣ್ಣಗೆ ಕೂತಿತ್ತು. ಮಾಡಿದ್ದುಣ್ಣೋ ಮಹಾರಾಯ! ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದರು.

"ಆರಿದೆ ಕಣೇ."

"ಅಭ್ಯಾಸ ಆಗುತ್ತೆ ಬಿಡಿ" ಎಂದರು ಟೀಚರು, ಬಾಯಿ ಒರೆಸಿಕೊಳ್ಳುತ್ತ.

ಮನೆಗೆ ಬಂದ ಮೇಲೆ ಫೋಟೋವನ್ನು ಟಿವಿಯ ಮೇಲೆ ಹಾಕಿದರು. ಅತ್ತೆಯವರು ಹತ್ತಿರ ಹೋಗಿ ತಮ್ಮ ನಗುವನ್ನು ನೋಡಿದರು, ಆ ಸಂಜೆ ಹಲ್ಲನ್ನು ಡಬ್ಬಿಗೆ ಹಾಕಲಿಲ್ಲ. ಟೀಚರು ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು. ನೋಡಿ, ಯಾವಾಗ ತೆಗೆದಿರಿ ಎಂದಷ್ಟೇ ಕೇಳಿದರು.

ಡಾಕ್ಟರು ತಪ್ಪೊಪ್ಪಿಕೊಂಡರು. ಇನ್ನು ಊಟದ ಹೊತ್ತಿಗೆ ಕ್ಯಾಮೆರಾ ಮುಟ್ಟುವುದಿಲ್ಲ, ಈ ಒನಕೆಯನ್ನು ಮಾರಿಬಿಡುತ್ತೇನೆ ಎಂದು ಡಬ್ಬಿ ಹುಡುಕಲು ಎದ್ದರು. ಟೀಚರು ಅವರ ಕೈಯಿಂದ ಲೆನ್ಸನ್ನು ತೆಗೆದುಕೊಂಡರು. ಬಂದ ದಿನದಿಂದ ಒಮ್ಮೆಯೂ ಮುಟ್ಟದಿದ್ದವರು ಸೆರಗಿನಲ್ಲಿ ಅದರ ಧೂಳು ಒರೆಸಿದರು.

"ಮಾರೋದೆಲ್ಲ ಬೇಡ. ಮುಂದಿನ ಭಾನುವಾರನೂ ಹೋಗೋಣ, ಇದನ್ನೂ ತಗೊಂಡು ಬನ್ನಿ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಗಣಿತದ ಟೀಚರ ಗಾಂಭೀರ್ಯದಲ್ಲಿ ಕೇಳಿದರು:

"ಅಲ್ಲ ರೀ, ಇದಕ್ಕಿಂತ ಉದ್ದದ್ದು ಸಿಗುತ್ತಾ?"