ಡ್ಯಾಶ್‌ಬೋರ್ಡಿನ ಅಮ್ಮನವರು ಮತ್ತು ಮುಂದಿನ ಸೀಟು

ನಮ್ಮ ಮನೆಗೆ ಹೊಸ ವಸ್ತು ಯಾವುದೇ ಬರಲಿ, ಮೊದಲು ಅದಕ್ಕೆ ಅರಿಸಿನ ಕುಂಕುಮ, ಆಮೇಲೆ ಒಂದು ಅಂಗಿ. ಉಪಯೋಗಿಸುವ ವಿಚಾರ ಬರುವುದು ಮೂರನೆಯದಾಗಿ, ಅದೂ ಬಂದರೆ. ಮಿಕ್ಸಿಗೆ ಜರಿಯಂಚಿನ ಗೌನು ಇದೆ, ಫ್ರಿಜ್ಜಿನ ಹಿಡಿಕೆಗೆ ಕೈಗವಸು ಇದೆ, ಟಿವಿಯ ರಿಮೋಟು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇದ್ದುಕೊಂಡೇ ನೌಕರಿ ಮಾಡುತ್ತದೆ. ವಾಷಿಂಗ್ ಮೆಷಿನ್ನಿನಲ್ಲಿ ಹದಿನಾಲ್ಕು ಬಗೆಯ ಒಗೆತ ಇದೆಯಂತೆ. ತಂದು ಕೂರಿಸಿದವರು ಮೊದಲ ದಿನ ಗುಂಡಿಯನ್ನು ಎಲ್ಲಿಗೆ ತಿರುಗಿಸಿ ಹೋದರೋ ಅದರಲ್ಲೇ ನನ್ನ ರೇಷ್ಮೆ ಸೀರೆಯೂ ನೆಲ ಒರೆಸುವ ಬಟ್ಟೆಯೂ ಸಮಭಾವದಿಂದ ತಿರುಗುತ್ತಿವೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಕಾರಿನ ವಿಷಯ ಹೇಳುವ ಮೊದಲು ಇದಿಷ್ಟನ್ನು ಒಪ್ಪಿಕೊಂಡುಬಿಟ್ಟರೆ, ಮುಂದಿನದನ್ನು ಕೇಳಿ ನೀವು ಬೆಚ್ಚಿಬೀಳುವುದಿಲ್ಲ ಎಂದು ಅಷ್ಟೆ.

ಕಾರು ಬಂದು ಮೂರು ವರ್ಷವಾಯಿತು. ಸಾಗರದ ನಮ್ಮ ಮನೆಯಲ್ಲಿ ಇರುವವರು ಮೂರೇ ಜನ: ನಾನು, ಪೇಟೆಯಲ್ಲಿ ಪೈಪು ನಲ್ಲಿಗಳ ಅಂಗಡಿ ಇಟ್ಟುಕೊಂಡಿರುವ ನಮ್ಮನೆಯವರು, ಮತ್ತು ಎಪ್ಪತ್ತೇಳರ ನಮ್ಮತ್ತೆ. ಕಾರು ತರುವ ದಿನ ಷೋರೂಮಿನವರು ಮುಕ್ಕಾಲು ಗಂಟೆ ನಿಂತು ಒಂದೊಂದನ್ನೂ ತೋರಿಸಿದರು. ನಮ್ಮನೆಯವರು ಎಲ್ಲದಕ್ಕೂ ತಲೆಯಾಡಿಸಿದರು. ಗೊತ್ತಿಲ್ಲದ್ದಕ್ಕೆ ಇನ್ನೂ ಸ್ವಲ್ಪ ಜೋರಾಗಿ ಆಡಿಸಿದರು. ನನ್ನ ಕಣ್ಣೆಲ್ಲ ಗೋಡೆ ಗಡಿಯಾರದ ಮೇಲೆ, ಹತ್ತೂವರೆಗೆ ರಾಹುಕಾಲ. ಕೊನೆಗೆ ಷೋರೂಮಿನವರೇ ಸೋತು, ದೀಪದ ಗುಂಡಿಯನ್ನು ಒಂದು ಕಡೆ ತಿರುಗಿಸಿ, "ಇದನ್ನ ಮುಟ್ಟಕ್ಕೆ ಹೋಗ್ಬೇಡಿ ಸಾರ್, ಎಲ್ಲಾ ಅದೇ ನೋಡ್ಕಳುತ್ತೆ" ಎಂದರು. ಮುಕ್ಕಾಲು ಗಂಟೆಯಲ್ಲಿ ನಮ್ಮನೆಯವರಿಗೆ ಅರ್ಥವಾದ ವಾಕ್ಯ ಅದೊಂದೇ. ಅದನ್ನವರು ವ್ರತದಂತೆ ಪಾಲಿಸಿದರು.

ಅಲ್ಲಿಂದ ಸೀದಾ ಹುಂಚಕ್ಕೆ ಹೋದೆವು. ಪದ್ಮಾವತಿ ಅಮ್ಮನವರಿಗೆ ಪೂಜೆ ಮಾಡಿಸಿ, ಹೆಬ್ಬೆರಳೆತ್ತರದ ಒಂದು ಹಿತ್ತಾಳೆ ಮೂರ್ತಿ ಕೊಂಡು, ನನ್ನ ಕೈಯಾರೆ ಡ್ಯಾಶ್‌ಬೋರ್ಡಿನ ನಟ್ಟನಡುವೆ, ಗಾಜಿಗೆ ಒತ್ತಿ, ಎರಡು ಕಡೆ ಅಂಟಿನ ಟೇಪು ಹಾಕಿ ಕೂರಿಸಿದೆ. ಅಲ್ಲಿ ಹುಣಸೆಬೀಜದಷ್ಟು ದೊಡ್ಡದೊಂದು ಕಪ್ಪು ಗುಬುಟು ಉಬ್ಬಿಕೊಂಡಿತ್ತು. ದೇವರನ್ನು ಕೂರಿಸಲೆಂದೇ ಕಂಪನಿಯವರು ಗುರುತು ಮಾಡಿಟ್ಟ ಪೀಠ ಎಂದುಕೊಂಡೆ. ಅಷ್ಟು ದೂರದಲ್ಲಿ ಕಾರು ಮಾಡುವವರಿಗೂ ಎಷ್ಟು ಭಕ್ತಿ ಎಂದು ಮನಸ್ಸು ತುಂಬಿಬಂತು.

ತೊಡಕು ಶುರುವಾದದ್ದು ಅಲ್ಲಿಂದಲೇ. ಮರುದಿನ ಅತ್ತೆಯನ್ನು ಮುಂದೆ ಕೂರಿಸಲು ಹೋದರೆ ಅವರು ಬಾಗಿಲಲ್ಲೇ ನಿಂತರು. "ಅಮ್ಮನೋರ ಎದ್ರಿಗೆ ಕಾಲು ಚಾಚ್ಕಂಡು ಕೂರದಾ? ನನ್ ಕೈಲಾಗಲ್ಲ ಮಾರಾಯ್ತಿ" ಎಂದು ಹಿಂದೆ ಹೋಗಿ ಕೂತರು. ಹಾಗಾದರೆ ನಿನ್ನ ಕಾಲಿನ ಕಥೆಯೇನು ಎಂದು ನೀವು ಕೇಳಬಹುದು. ನಾನು ಕಾಲು ಮಡಿಸಿ ಕೂರುತ್ತೇನೆ, ಬಾಡಿದ ಹೂ ತೆಗೆಯಲು ಮುಂದೆ ಯಾರಾದರೂ ಬೇಕಲ್ಲ, ಇದೊಂದು ಸೇವೆ ಎಂದು ಅತ್ತೆಗೆ ಹೇಳಿದೆ. ಕಾಲು ಮಡಿಸಿದ್ದು ಪೇಟೆಯ ಪೆಟ್ರೋಲ್ ಬಂಕ್ ದಾಟುವವರೆಗೆ. ಆಮೇಲೆ ಅವು ತಾವಾಗಿ ಚಾಚಿಕೊಂಡವು. ಮುಖಕ್ಕೆ ತಣ್ಣನೆ ಗಾಳಿ, ಕಣ್ಣಿಗೆ ಇಡೀ ರಸ್ತೆ, ಪಕ್ಕದಲ್ಲಿ ಗಂಡ, ಎದುರಲ್ಲಿ ದೇವರು. ದಿನಕ್ಕಿಷ್ಟು ಎಂದು ಸಣ್ಣಪುಟ್ಟ ಪುಣ್ಯಗಳನ್ನು ಬೆರಳಲ್ಲಿ ಎಣಿಸುವ ಅಭ್ಯಾಸ ನನ್ನದು. ಆ ಸೀಟಿನಲ್ಲಿ ಕೂತರೆ ಒಂದು ಕೈಯ ಬೆರಳು ಸಾಲುತ್ತಿರಲಿಲ್ಲ.

ಹಿಂದೆ ಕೂತ ಅತ್ತೆಗೆ ಮಾತ್ರ ತಿರುವು ಶುರುವಾಗುತ್ತಿದ್ದಂತೆ ಹೊಟ್ಟೆ ತೊಳೆಸುತ್ತಿತ್ತು. "ಸ್ವಲ್ಪ ನಿಲ್ಸೋ" ಎನ್ನುವರು, ಇಳಿಯುವರು, ಮೈಲಿಗಲ್ಲಿನ ಮೇಲೆ ಕೂರುವರು. ಮನೆಗೆ ಬಂದ ಮೇಲೆ ಎರಡು ದಿನ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಹೀಗೆ ಎರಡು ಪ್ರಯಾಣವಾದ ಮೇಲೆ, "ಈ ಕಾರಿನ ಸಾವಾಸ ಸಾಕು. ಬಸ್ಸಲ್ಲಾದ್ರೆ ಮುಂದಿನ ಸೀಟಲ್ಲಿ ಕೂತ್ಕಂಡು ಎಲ್ಲಿಗಾದ್ರೂ ಹೋಗ್ತೀನಿ" ಎಂದರು. ಈ ಮಾತನ್ನು ಹತ್ತು ಸಲವಾದರೂ ಕೇಳಿದ್ದೇನೆ. ವಯಸ್ಸಾದವರಿಗೆ ಬಸ್ಸಿನ ಮೇಲೆ ಅದೇನೋ ಮಮತೆ ಎಂದುಕೊಂಡು ಸುಮ್ಮನಾಗಿದ್ದೆ. ಈಗ ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತುವುದೂ ಆಗುತ್ತಿಲ್ಲ. ಹಾಗಾಗಿ ಅತ್ತೆ ಮನೆ ಬಿಟ್ಟು ಹೊರಟದ್ದೇ ಇಲ್ಲ.

ಹೀಗಿರುವಾಗ ಹೊಸನಗರದಾಚೆಯ ಮೇಳಿಗೆಯಿಂದ ಫೋನು ಬಂತು. ಅಲ್ಲಿರುವ ಅತ್ತೆಯ ಅಕ್ಕ, ನಾವೆಲ್ಲ ದೊಡ್ಡಮ್ಮ ಎನ್ನುವವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ಫೋನಿನಲ್ಲಿ ಅವರು ಕೇಳಿದ್ದು ಒಂದೇ: "ತಂಗೀ, ಯಾವಾಗ ಬರ್ತೀಯೇ?" ಅತ್ತೆ "ಬರ್ತೀನಿ, ಬರ್ತೀನಿ" ಎಂದು ಫೋನಿಟ್ಟು, ಮಡಿಸಿಟ್ಟಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು, ಮತ್ತೆ ಬಿಚ್ಚಿದರು. ನಾನು, "ಕಾರಲ್ಲೇ ನಿಧಾನಕ್ಕೆ ಹೋಗೋಣ ಅತ್ತೆ" ಎಂದೆ. "ಹೋಗಿ ನಾನೂ ಮಲಗಿದ್ರೆ ಪಾಪ ಅವ್ರು ಎರಡನೇ ಮಂಚ ಎಲ್ಲಿಂದ ತರ್ತಾರೆ?" ಎಂದು ನಕ್ಕರು. ನಗು ಕಣ್ಣಿನವರೆಗೆ ಹೋಗಲಿಲ್ಲ. ಅವತ್ತೇ ದೇವರ ಮನೆಯಲ್ಲಿ ಕೂತು, ಹೇಗಾದರೂ ಮಾಡಿ ಅಕ್ಕತಂಗಿಯರಿಗೆ ಒಬ್ಬರ ಮುಖ ಒಬ್ಬರಿಗೆ ತೋರಿಸುತ್ತೇನೆ ಎಂದು ಅಮ್ಮನವರಿಗೆ ಹೇಳಿಕೊಂಡೆ. ಹೇಳಿಕೊಂಡ ಮೇಲೆ ನನಗೆ ಕೂತಲ್ಲಿ ಕೂರಲಾಗದ ಸ್ಥಿತಿ.

ಅದೇ ವಾರ ನಾನು, ನಮ್ಮನೆಯವರು ಹೊಸನಗರಕ್ಕೆ ಒಂದು ನಾಮಕರಣಕ್ಕೆ ಹೋಗಬೇಕಾಯಿತು. ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಮೂರು ವರ್ಷದಿಂದ ನಮ್ಮ ಕಾರು ಹೋದಲ್ಲೆಲ್ಲ ಎದುರಿನ ಗಾಡಿಗಳವರು ಕಿಟಕಿಯಿಂದ ಕೈ ಚಾಚಿ, ಐದೂ ಬೆರಳನ್ನು ಅರಳಿಸಿ ಮುಚ್ಚಿ, ಅರಳಿಸಿ ಮುಚ್ಚಿ ಏನೋ ಸನ್ನೆ ಮಾಡುತ್ತಿದ್ದರು. ಅಮ್ಮನವರ ಮೂರ್ತಿ ಕಂಡು ಕೈಮುಗಿಯುತ್ತಿದ್ದಾರೆ, ಇನ್ನೊಂದು ಕೈ ಸ್ಟೇರಿಂಗಿನಲ್ಲಿ ಇರುವುದರಿಂದ ಪಾಪ ಒಂದೇ ಕೈಯಲ್ಲಿ ಮುಗಿಯುತ್ತಾರೆ ಎಂದು ನನ್ನ ತಿಳಿವಳಿಕೆ. ಅವರ ಪರವಾಗಿ ನಾನು ಎರಡೂ ಕೈ ಜೋಡಿಸುತ್ತಿದ್ದೆ. ನಮ್ಮನೆಯವರ ತಿಳಿವಳಿಕೆ ಬೇರೆ: ಮುಂದೆ ಪೊಲೀಸರಿದ್ದಾರೆ ಎಂದು ಎಚ್ಚರಿಸುತ್ತಿದ್ದಾರೆ ಎಂದು. ಅವರು ಕೂಡಲೇ ಬೆಲ್ಟ್ ಎಳೆದುಕೊಂಡು ಎತ್ತಿನಗಾಡಿಯ ವೇಗಕ್ಕೆ ಬರುತ್ತಿದ್ದರು. ಮೂರು ವರ್ಷದಲ್ಲಿ ಒಬ್ಬ ಪೊಲೀಸನೂ ಸಿಗದಿದ್ದದ್ದು ಅಮ್ಮನವರ ಮಹಿಮೆ ಎನ್ನುವಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿತ್ತು.

ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಆಟೋದವರೊಬ್ಬರು ಹಾಗೇ ಬೆರಳು ಅರಳಿಸಿದರು. ನಾನು ಭಕ್ತಿಯಿಂದ ಕೈಮುಗಿದೆ. ಅವರು ಆಟೋವನ್ನು ಅಡ್ಡ ತಂದೇ ನಿಲ್ಲಿಸಿದರು. "ಎಂತ ಅಮ್ಮಾ, ನಾನು ಲೈಟು ಲೈಟು ಅಂತ ಸನ್ನೆ ಮಾಡಿದ್ರೆ ನೀವು ಕೈ ಮುಗೀತೀರಲ್ಲ? ಸಾರ್, ಮಟಮಟ ಮಧ್ಯಾಹ್ನ ಯಾರಿಗೆ ದಾರಿ ತೋರಿಸ್ತಿದ್ದೀರಿ? ಕಣ್ಣಿಗೆ ಹೊಡೀತದೆ ಮಾರಾಯ್ರೇ, ಆಫ್ ಮಾಡಿ!" ನಮ್ಮನೆಯವರು, "ಅದನ್ನ ಮುಟ್ಬಾರ್ದಂತೆ" ಎಂದರು. ಆಟೋದವರು ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿ, ಆಟೋ ತಿರುಗಿಸಿಕೊಂಡು ಹೊರಟುಹೋದರು.

ನಾಮಕರಣದ ಊಟ ನನಗೆ ರುಚಿಸಲಿಲ್ಲ. ಮನೆಗೆ ಬಂದವಳೇ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಕಾರಿನ ಪುಸ್ತಕ ಹೊರಗೆಳೆದೆ. ಮೂರು ವರ್ಷದ ಪ್ರಸಾದದ ಪೊಟ್ಟಣಗಳ ಅಡಿಯಲ್ಲಿ, ಕೊಟ್ಟೆ ಸಮೇತ ಮಲಗಿತ್ತು. ನನ್ನದು ಬಿ.ಎ., ಇಂಗ್ಲಿಷು ಓದುತ್ತೇನೆ, ಆದರೆ ಪ್ರತಿ ವಾಕ್ಯದ ಕೊನೆಯಲ್ಲಿ ಸ್ವಲ್ಪ ಸುಧಾರಿಸಿಕೊಳ್ಳಬೇಕು. ಪೆಟ್ರೋಲ್ ಚಿತ್ರದ ಪಕ್ಕದ ಪುಟ್ಟ ಬಾಣ, ಮುಚ್ಚಳ ಯಾವ ಕಡೆಗಿದೆ ಎಂದು ತೋರಿಸಲು ಇರುವುದಂತೆ. ನಮ್ಮನೆಯವರು ಪ್ರತಿ ಬಂಕಿನಲ್ಲೂ ಇಳಿದು ಕಾರಿಗೆ ಪ್ರದಕ್ಷಿಣೆ ಹಾಕಿ ಪತ್ತೆ ಮಾಡುತ್ತಾರೆ. ಸೀಟಿನ ಬದಿಯ ಹಿಡಿಕೆ ಎಳೆದರೆ ಸೀಟು ಮೇಲೇಳುತ್ತದಂತೆ. ನಾನು ರಸ್ತೆ ಕಾಣಲೆಂದು ಮೂರು ವರ್ಷ ಮಡಿಸಿದ ಕಂಬಳಿಯ ಮೇಲೆ ಕೂತಿದ್ದೇನೆ. ಕನ್ನಡಿಯ ಮೇಲ್ಗಡೆ, ಕಾರಿನ ಮಾಡಿನಲ್ಲಿ, ಎಂದರೆ ಚಾವಣಿಯಲ್ಲಿ, ಕಪ್ಪು ಕನ್ನಡಕ ಇಡಲು ಒಂದು ಗೂಡು ಇದೆಯಂತೆ. ಅದನ್ನು ನಾವು ಮಾಡಿನ ವಿನ್ಯಾಸ ಎಂದು ಬಟ್ಟೆಯಲ್ಲಿ ಒರೆಸುತ್ತಿದ್ದೆವು. ಒಂದೊಂದಕ್ಕೂ ಎದ್ದು ಹೋಗಿ ಒತ್ತಿ ನೋಡುವುದು, ಬಂದು ಮುಂದಿನ ಪುಟ ಓದುವುದು. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಕಡೆಗೆ ಆ ಪುಟ ಬಂತು. ನನ್ನ ಹುಣಸೆಬೀಜದ ಪೀಠ ಬೆಳಕನ್ನು ಅಳೆಯುವ ಕಣ್ಣಂತೆ. ಅದಕ್ಕೆ ಕತ್ತಲೆ ಕಂಡರೆ ಕಾರು ತಾನಾಗಿ ದೀಪ ಹಚ್ಚಿಕೊಳ್ಳುತ್ತದಂತೆ. ಅದರ ಮೇಲೆ ಏನನ್ನೂ ಇಡಬಾರದು ಎಂದು ಬರೆದು, ಚಿತ್ರ ಬಿಡಿಸಿ, ಅಮ್ಮನವರು ಕೂತ ಜಾಗಕ್ಕೆ ಸರಿಯಾಗಿ ಕೆಂಪು ಗೀಟು ಹಾಕಿದ್ದರು.

ನಮ್ಮನೆಯವರು, "ತೆಗೆದು ಬೇರೆ ಕಡೆ ಇಡು, ಅದಕ್ಕೇನಂತೆ?" ಎಂದರು. ಅವರಿಗೇನು! ಮೂರು ವರ್ಷ ಒಂದು ಗೀರೂ ಬೀಳದಂತೆ ಕಾಯ್ದವರನ್ನು ಕದಲಿಸುವುದು ಹೇಗೆ? ಎರಡು ದಿನ ಒಳಗೂ ಹೊರಗೂ ತಿರುಗಾಡಿದೆ. ಮಂಗಳವಾರ ಬೇಡ ಎಂದೆ, ಬುಧವಾರ ತಿಥಿ ಸರಿಯಿಲ್ಲ ಎಂದೆ. ಗುರುವಾರ ಬೆಳಿಗ್ಗೆ ಜಪಕ್ಕೆ ಕೂತಾಗ ಕಣ್ಣು ಮುಚ್ಚಿದರೂ ಕಾರಿನ ಮುಂದಿನ ಸೀಟೇ ಕಾಣಿಸಿತು. ದೇವರ ಎದುರು ಕೂತು ಎಷ್ಟು ಹೊತ್ತು ನಟಿಸಲಾಗುತ್ತದೆ? ಅಮ್ಮನವರು ಅಲ್ಲಿಂದ ಎದ್ದರೆ ಅತ್ತೆಗೆ ಕಾಲಿನ ಸಂಕೋಚ ಇರುವುದಿಲ್ಲ. ಸಂಕೋಚ ಇಲ್ಲದಿದ್ದರೆ ಅವರು ಮುಂದೆ, ನಾನು ಹಿಂದೆ. ಮೂರು ವರ್ಷದ ನನ್ನ ಸೇವೆಯ ಗುಟ್ಟು ಇಷ್ಟೇ. ಬಸ್ಸಿನ ಮುಂದಿನ ಸೀಟು ಎಂದು ಅತ್ತೆ ಹತ್ತು ಸಲ ಹೇಳಿದ್ದರ ಅರ್ಥವೂ ಆಗಲೇ ಹೊಳೆದದ್ದು. ಜಪಸರ ಕೆಳಗಿಟ್ಟು ನೇರ ಅತ್ತೆಯ ಬಳಿ ಹೋಗಿ, ನನ್ನ ಸೀಟಿನ ಆಸೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಅತ್ತೆ ಕೇಳಿದರು, "ನಮ್ಮ ತಲೆಗಿಂತ ಎತ್ತರದ ಜಾಗ ಇಲ್ವೇನೇ ನಿನ್ ಕಾರಲ್ಲಿ?"

ಕನ್ನಡಕದ ಗೂಡು ತೋರಿಸಿದೆ. ಅತ್ತೆ ತಾವೇ ಬೆರಳಿಟ್ಟು ಒತ್ತಿದರು. ಮುಚ್ಚಳ ಸದ್ದಿಲ್ಲದೆ ಮೆಲ್ಲಗೆ ಇಳಿಯಿತು. "ಬಸದಿ ಬಾಗ್ಲೂ ಇಷ್ಟು ನಯವಾಗಿ ತೆಗಿಯಲ್ಲ" ಎಂದು ಇನ್ನೂ ಮೂರು ಸಲ ತೆಗೆದು ಮುಚ್ಚಿದರು. ಟೇಪಿಗೆ ಕೊಬ್ಬರಿಎಣ್ಣೆ ಬಿಟ್ಟು, ದಾರದಲ್ಲಿ ಕೊಯ್ದು, ಕ್ಷಮೆ ಕೇಳಿ ಅಮ್ಮನವರನ್ನು ಎಬ್ಬಿಸಿದೆವು. ಗೂಡು ತೆರೆದಾಗ ನೆಟ್ಟಗೆ ದರ್ಶನ ಕೊಡುವಂತೆ ಅಂಟಿಸಿದೆವು. ಪಕ್ಕದಲ್ಲೇ ಮಾಡಿನ ಪುಟ್ಟ ದೀಪ. ನಂದಾದೀಪಕ್ಕೂ ಬೇರೆ ಏರ್ಪಾಡು ಬೇಕಾಗಲಿಲ್ಲ.

ಭಾನುವಾರ ಹೊರಟೆವು. ಅತ್ತೆಗಾಗಿ ಸೀಟು ಎತ್ತರಿಸಿದೆ, ಗಾಳಿಯನ್ನು ಅವರ ಮುಖಕ್ಕೆ ತಿರುಗಿಸಿದೆ. ದಾರಿಯಲ್ಲಿ ಒಬ್ಬರೂ ನಮಗೆ ಬೆರಳು ಅರಳಿಸಲಿಲ್ಲ. ಸ್ವಲ್ಪ ಖಾಲಿ ಖಾಲಿ ಎನಿಸಿತು. ಹೊಸನಗರ ಬಂತು, ಹೋಯಿತು. ಅತ್ತೆ "ನಿಲ್ಸೋ" ಎನ್ನಲಿಲ್ಲ. "ಆ ಸೇತುವೆ ಯಾವಾಗ ಆಯ್ತೋ? ಇಲ್ಲೊಂದು ಶಾಲೆ ಇತ್ತಲ್ಲ? ಅಗಾ, ನವಿಲು ನೋಡು!" ಎಂದು ಮಗನನ್ನು ಮಾತಾಡಿಸುತ್ತಲೇ ಮೇಳಿಗೆ ಮುಟ್ಟಿದರು.

ದೊಡ್ಡಮ್ಮ ಮಲಗಿದಲ್ಲಿಂದಲೇ ಕೈ ಚಾಚಿ, "ಅಷ್ಟು ದೂರ ಹೆಂಗೆ ಬಂದ್ಯೇ ತಂಗೀ?" ಎಂದರು.

"ಮುಂದೆ ಕೂತ್ಕಂಡು ಬಂದೆ" ಎಂದರು ಅತ್ತೆ.

ಆಮೇಲೆ ಒಬ್ಬರ ಕೈಯ ಬಳೆಯನ್ನು ಇನ್ನೊಬ್ಬರು ತಿರುಗಿಸುತ್ತ ಕೂತರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ತಿರುಗಿ ಬರುವಷ್ಟರಲ್ಲಿ ಅಕ್ಕತಂಗಿ ಯಾರದೋ ಮದುವೆಯ ಪಾಯಸ ಹಳಸಿದ್ದ ಕಥೆಗೆ ಗೊಳ್ಳೆಂದು ನಗುತ್ತಿದ್ದರು, ಸೊಂಟ ಅಲುಗಿ ದೊಡ್ಡಮ್ಮ "ನಗಿಸ್ಬೇಡ್ವೇ" ಎಂದು ಬೈಯುತ್ತಿದ್ದರು.

ಹೊತ್ತು ಮುಳುಗಿದ ಮೇಲೆ ಉಣ್ಣುವ ಪದ್ಧತಿ ಜೈನರಾದ ನಮ್ಮಲ್ಲಿಲ್ಲ. ಹಾಗಾಗಿ ಐದು ಗಂಟೆಗೇ ಎಲೆ ಹಾಕಿ, ಬೇಡ ಬೇಡ ಎಂದರೂ ಹೆಸರುಬೇಳೆ ಪಾಯಸವನ್ನು ಮೂರು ಸಲ ಬಡಿಸಿದರು. ಉಂಡವರೇ ಕಾರು ಹತ್ತಿದೆವು. ಹಿಂದಿನ ಸೀಟಿನಿಂದ ಕಾಣುವುದು ಎರಡು ತಲೆಗಳ ಹಿಂಭಾಗ ಮಾತ್ರ. ತಿರುವು ಬರುವುದು ಕಣ್ಣಿಗೆ ಗೊತ್ತೇ ಆಗುವುದಿಲ್ಲ, ನೇರ ಹೊಟ್ಟೆಗೆ ಗೊತ್ತಾಗುತ್ತದೆ. ನಾಲ್ಕನೆಯ ತಿರುವಿಗೆ ನನ್ನ ಬಾಯಿಂದ ಬಂತು: "ಸ್ವಲ್ಪ ನಿಲ್ಸಿ."

ಇಳಿದು ರಸ್ತೆಬದಿಯಲ್ಲಿ ಕೂತೆ. ನಮ್ಮನೆಯವರು, "ಇದೆಂತದೇ, ಥೇಟ್ ಅಮ್ಮನ ಹಂಗೇ ಆಡ್ತೀಯಲ್ಲ?" ಎಂದರು.

ಅತ್ತೆ ಕಿಟಕಿ ಇಳಿಸಿ, "ಹಿಂದೆ ಕೂತೋರೆಲ್ಲ ಹಂಗೇ ಆಡದು ಕಣೋ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮುಂದೆ ಬರ್ತೀಯೇನೇ? ನಾನು ಬೇಕಾರೆ ಹಿಂದೆ ಕೂರ್ತೀನಿ. ಅಕ್ಕ ಬರೋ ಭಾನುವಾರನೂ ಬಾ ಅಂದಿದಾಳೆ, ಆವಾಗ ನಾನು ಕೂತ್ರಾಯ್ತು ಮುಂದೆ" ಎಂದರು. ಹಾಗೆನ್ನುವಾಗ ಅವರ ಕೈ ಸೀಟಿನ ಬೆಲ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಬೇಡ ಅತ್ತೆ, ನಂಗೆ ಹಿಂದೇನೇ ಆರಾಮು" ಎಂದೆ. ಅಂಥ ಹಸಿ ಸುಳ್ಳು ಹೇಳುವಾಗ ಅಮ್ಮನವರ ಗೂಡಿನ ಮುಚ್ಚಳ ಹಾಕಿತ್ತು. ಆ ದಿನದ ಲೆಕ್ಕಕ್ಕೆ ನನಗೆ ಸಿಕ್ಕ ಪುಣ್ಯ ಅದೊಂದೇ.