ಕೊಲೆಗಾರನಿಗೊಂದು ಮುಖ ಬೇಕಿತ್ತು

ಕಥೆ ಬರೆಯುವವರಿಗೆ ಪೆಟ್ಟು ಬೀಳುವುದು ಕಥೆ ಕೆಟ್ಟದಾಗಿದ್ದಕ್ಕಲ್ಲ, ಕಂಡವರ ಮುಖವನ್ನು ದುರುಗುಟ್ಟಿ ನೋಡಿದ್ದಕ್ಕೆ. ನನಗೆ ಇದುವರೆಗೆ ಪೆಟ್ಟು ಬಿದ್ದಿಲ್ಲ. ಬೀಳುವಷ್ಟು ಹತ್ತಿರ ಹೋಗಿಬರುವುದು ಮಾತ್ರ ನಿಂತಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ನೈರೋಬಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತ, ಬೆಂಗಳೂರಿನ ವಾರಪತ್ರಿಕೆಯೊಂದಕ್ಕೆ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದೆ. ಹಲ್ಲಿ ಕಂಡರೆ ಮಂಚ ಹತ್ತುವ ಹೆಂಗಸು ಕೊಲೆಯ ಕಥೆ ಬರೆಯುತ್ತಾಳೆ ಅಂತ ನಮ್ಮವರಿಗೆ ಸದಾ ನಗೆ. ಒಮ್ಮೆ ರಜೆಗೆ ಊರಿಗೆ ಹೋದಾಗ ಸಂಪಾದಕರು, "ಏನಮ್ಮಾ, ನಿಮ್ಮ ಕೊಲೆಗಾರರಿಗೆಲ್ಲ ಅದೇ ಕೆಂಡದಂಥ ಕಣ್ಣು, ಅದೇ ಹುರಿಮೀಸೆ. ಎಲ್ಲರೂ ಒಂದೇ ತಾಯಿ ಮಕ್ಕಳಾ? ಮುಂದಿನ ಸಲ ನಿಜವಾದ ಮನುಷ್ಯನ ಮುಖ ಇರಲಿ. ಇಲ್ಲದಿದ್ರೆ ಅದೇ ನಿಮ್ಮ ಕೊನೇ ಧಾರಾವಾಹಿ" ಎಂದುಬಿಟ್ಟರು. ನೈರೋಬಿಗೆ ಮರಳಿದವಳೇ ಮುಖ ಹುಡುಕಲು ಹೊರಟೆ.

ಮಟಾಟುವಿನ ಗಾಯದ ಗುರುತು

ವೆಸ್ಟ್‌ಲ್ಯಾಂಡ್ಸಿನಿಂದ ಪೇಟೆಗೆ ಹೊರಟ ಮಟಾಟು, ಅಂದರೆ ಅಲ್ಲಿನ ಬಾಡಿಗೆ ವ್ಯಾನು. ವ್ಯಾನು ಹಿಡಿಸುವುದಕ್ಕಿಂತ ದುಪ್ಪಟ್ಟು ಜನ. ಎದುರಿಗೇ ನನಗೆ ಬೇಕಾದವನು ಕೂತಿದ್ದ. ಬಾಗಿಲಿನಷ್ಟು ಅಗಲದ ಹೆಗಲು, ಹುಬ್ಬಿನಿಂದ ದವಡೆತನಕ ಇಳಿದ ಗಾಯದ ಗುರುತು. ಆ ಗುರುತು ಎಲ್ಲಿ ದಪ್ಪ, ಎಲ್ಲಿ ಸಣ್ಣ ಅಂತ ನೋಡೇ ನೋಡಿದೆ. ಅವನೂ ನನ್ನನ್ನು ನೋಡಿದ. ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಕಣ್ಣೆತ್ತಿದರೆ ಇನ್ನೂ ನನ್ನನ್ನೇ ನೋಡುತ್ತಿದ್ದಾನೆ.

ಪೇಟೆಯಲ್ಲಿ ಇಳಿದೆ, ಅವನೂ ಇಳಿದ. ರಸ್ತೆ ದಾಟಿದೆ, ಅವನೂ ದಾಟಿದ. ಹಾಡಹಗಲೇ ಕುತ್ತಿಗೆಯ ಸರ ಕಿತ್ತುಕೊಂಡು ಹೋಗುವ ಊರು ಅದು. ಓಡೋಣವೆಂದರೆ ಸೀರೆ, ಕೂಗೋಣವೆಂದರೆ ಯಾವ ಭಾಷೆಯಲ್ಲಿ ಕೂಗುವುದು? ಕೊನೆಗೆ ಔಷಧಿ ಅಂಗಡಿಯೊಂದರ ಗೋಡೆಗೆ ಬೆನ್ನು ಕೊಟ್ಟು, ಸರವನ್ನು ನಾನೇ ಬಿಚ್ಚಿ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಹತ್ತಿರ ಬಂದವನು ಟೋಪಿ ತೆಗೆದ. ಅವನ ಹಣೆಯ ಮೇಲೂ ಬೆವರು.

"ಮ್ವಾಲಿಮು" ಎಂದ. ಅಲ್ಲಿ ಮೇಷ್ಟ್ರಿಗೆ ಹಾಗನ್ನುತ್ತಾರೆ. "ನನ್ನ ಮಗ ಮತ್ತೆ ಫೇಲಾದನೇ?"

ಅವನ ಮಗ ಯಾರೋ, ಯಾವ ಶಾಲೆಯೋ! "ನಾನು ಟೀಚರ್ ಅಂತ ನಿಮಗೆ ಹೇಗೆ ಗೊತ್ತು?" ಎಂದೆ.

"ಹಾಗೆ ನೋಡುವವರು ಇನ್ಯಾರಿದ್ದಾರೆ ಮೇಡಂ? ದಾರಿಯುದ್ದಕ್ಕೂ ನಾನೇ ಹೋಂವರ್ಕ್ ಮಾಡಿಲ್ಲವೇನೋ ಅನ್ನಿಸಿಬಿಟ್ಟಿತು."

ಬ್ಯಾಂಕಿನ ಕಾವಲುಗಾರ

ಮಗನ ಓದಿನ ಚಿಂತೆಯಲ್ಲಿ ಬೆವರುವವನನ್ನು ಕೊಲೆಗಾರ ಮಾಡಲು ಮನಸ್ಸು ಬರಲಿಲ್ಲ. ಅದೇ ವಾರ ನಮ್ಮವರ ಜೊತೆ ಬ್ಯಾಂಕಿಗೆ ಹೋದಾಗ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರ ಕಣ್ಣಿಗೆ ಬಿದ್ದ. ಒಂದು ಕಣ್ಣು ಸ್ವಲ್ಪ ಚಿಕ್ಕದು, ಮೂಗು ಮುರಿದು ಕೂಡಿದ್ದು. ನಮ್ಮವರು ಸಾಲಿನಲ್ಲಿ ನಿಂತಿದ್ದಾಗ ನಾನು ಅವನನ್ನು ಎಡದಿಂದ ನೋಡಿದೆ, ಬಲದಿಂದ ನೋಡಿದೆ, ಎಷ್ಟು ಎತ್ತರವೆಂದು ಪಕ್ಕದಲ್ಲೇ ನಿಂತು ನನ್ನ ಹೆಗಲಿಗೆ ಹೋಲಿಸಿಯೂ ನೋಡಿದೆ. ಅಷ್ಟರಲ್ಲಿ ಇಬ್ಬರು ಬಂದು ಮರ್ಯಾದೆಯಿಂದಲೇ ನನ್ನನ್ನು ಮ್ಯಾನೇಜರರ ಕೋಣೆಗೆ ಕರೆದೊಯ್ದರು. ಬಾಗಿಲು ಮುಚ್ಚಿಕೊಂಡಿತು. ಬಂದೂಕಿನ ಸಮೇತ ಕಾವಲುಗಾರನೂ ಒಳಗೇ ನಿಂತ.

"ನಮ್ಮ ಕಾವಲುಗಾರನನ್ನು ಯಾಕೆ ಅಳೆಯುತ್ತಿದ್ದಿರಿ?" ಎಂದರು ಮ್ಯಾನೇಜರು.

"ನಾನು ಕಥೆ ಬರೆಯುತ್ತೇನೆ ಸಾರ್."

ಅವರ ಮುಖ ಸಡಿಲವಾಯಿತು. "ಓಹೋ! ಏನು ಕಥೆ?"

ಹೆದರಿದಾಗ ನನ್ನ ಬಾಯಿಗೆ ಸುಳ್ಳು ಬರುವುದಿಲ್ಲ. "ಬ್ಯಾಂಕ್ ದರೋಡೆ, ಆಮೇಲೆ ಕೊಲೆ" ಎಂದೆ.

ಹೊರಗಿದ್ದ ನಮ್ಮವರನ್ನು ಕರೆಸಿ, ಈ ಹೆಂಗಸು ನಿಮಗೆ ಗೊತ್ತೇ ಎಂದು ಕೇಳಿದರು. ನಮ್ಮವರು ನನ್ನನ್ನು ನೋಡಿದರು, ಬಂದೂಕು ನೋಡಿದರು. ಹನ್ನೆರಡು ವರ್ಷ ಸಂಸಾರ ಮಾಡಿದ ಮನುಷ್ಯ ಹೇಳಿದರು, "ಎಲ್ಲೋ ನೋಡಿದ ಹಾಗಿದೆ."

ಹಲ್ಲಿನ ಡಾಕ್ಟರು

ಕೊನೆಗೆ ಮುಖ ಸಿಕ್ಕಿದ್ದು ನಮ್ಮ ಹಲ್ಲಿನ ಡಾಕ್ಟರದ್ದು. ಮಂಗಳೂರಿನ ಕಡೆಯ ಕ್ಯಾಥೊಲಿಕ್ಕರು, ದೇವರಂಥ ಮನುಷ್ಯ. ಮುಖ ಮಾತ್ರ ದೇವರಂಥದ್ದಲ್ಲ. ಕೂಡಿಕೊಂಡ ಹುಬ್ಬು, ಕಿವಿಯೊಳಗಿಂದ ಪೊದೆಯಂತೆ ಹೊರಬಂದ ಕೂದಲು, ನಕ್ಕರೆ ಒಂದೇ ಪಕ್ಕಕ್ಕೆ ಎಳೆಯುವ ತುಟಿ.

ನಮ್ಮ ಪತ್ರಿಕೆಯ ಒಂದೇ ಪ್ರತಿ ನೈರೋಬಿಗೆ ಬರುತ್ತಿತ್ತು. ಅದು ಕನ್ನಡದವರ ಮನೆಯಿಂದ ಮನೆಗೆ ತಿರುಗುತ್ತಿತ್ತು. ಡಾಕ್ಟರ ಮನೆಯಲ್ಲಿ ದೊಡ್ಡವರ ಮಾತು ಕೊಂಕಣಿ, ಮಕ್ಕಳದು ಇಂಗ್ಲಿಷು. ಅಲ್ಲಿಗೆ ಈ ಪತ್ರಿಕೆ ಯಾಕೆ ಹೋದೀತು ಎಂಬ ಧೈರ್ಯದಲ್ಲಿ ಹುಬ್ಬು, ಕಿವಿ, ತುಟಿ ಒಂದನ್ನೂ ಬಿಡದೆ ಕೊಲೆಗಾರನಿಗೆ ಅಂಟಿಸಿದೆ. ಸಂಪಾದಕರು ಕುಣಿದಾಡಿದರು. ನಾಲ್ಕು ಕೊಲೆ ಮಾಡಿಸಿ, ಕೊನೆಯ ಕಂತಿನಲ್ಲಿ ಗಲ್ಲಿಗೇರಿಸುವುದೆಂದು ತೀರ್ಮಾನಿಸಿದ್ದೆ.

ಧಾರಾವಾಹಿ ಅರ್ಧ ದಾಟಿದಾಗ ನನಗೆ ದವಡೆ ಹಲ್ಲಿನ ನೋವು ಹಿಡಿದುಕೊಂಡಿತು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಕುರ್ಚಿ ಹಿಂದಕ್ಕೆ ಬಾಗಿಸಿ, ಬಾಯಿ ತೆರೆಸಿ, ಡ್ರಿಲ್ಲು ಕೈಗೆತ್ತಿಕೊಂಡರು. ಅದು ಗುಂಯ್ ಎನ್ನುತ್ತಿರುವಾಗ, "ನಿಮ್ಮ ಕಥೆ ಓದ್ತಾ ಇದ್ದೇನೆ ಮಾರಾಯ್ರೇ" ಎಂದರು. "ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಮ್ಮೇ ಅಲ್ವಾ."

ಇದ್ದಬದ್ದ ದೇವರನ್ನೆಲ್ಲ ನೆನೆದೆ. ಏಸುವನ್ನೂ ಬಿಡಲಿಲ್ಲ.

"ಆ ಕೊಲೆಗಾರ ಯಾರು ಅಂತ ನನಗೆ ಮೊದಲನೇ ವಾರವೇ ಗೊತ್ತಾಯ್ತು."

"ಆಂ... ಆಂ" ಎಂದೆ. ನಾಲಿಗೆ ಮರಗಟ್ಟಿತ್ತು, ಹಲ್ಲಿನ ಮೇಲೆ ಡ್ರಿಲ್ಲು. ಅವರ ಕೂಡುಹುಬ್ಬು ಬಗ್ಗಿ ಬಗ್ಗಿ ಹತ್ತಿರ ಬಂತು. ಆ ಕಣ್ಣುಗಳಲ್ಲಿ ನೀರಿತ್ತು.

"ನಮ್ಮ ಅಪ್ಪ! ಅದೇ ಹುಬ್ಬು, ಅದೇ ಕಿವಿ, ಅದೇ ನಗು. ತೀರಿಹೋಗಿ ಎಷ್ಟೋ ವರ್ಷ ಆಯ್ತು, ಮನೆಯಲ್ಲಿ ಒಂದು ಫೋಟೋ ಸಹ ಇಲ್ಲ. ನೀವು ಅವರನ್ನು ನೋಡಿಯೇ ಇಲ್ಲ, ಅದು ಹೇಗೆ ಬರೆದ್ರಿ? ಪ್ರತಿ ವಾರ ಮಕ್ಕಳನ್ನು ಕೂರಿಸಿ, ನಿಮ್ಮ ಅಜ್ಜ ಹೀಗೇ ಇದ್ರು ಅಂತ ಓದಿ ಹೇಳ್ತೇನೆ."

ತೋಳಿನಿಂದ ಕಣ್ಣೊರೆಸಿಕೊಂಡರು. ಡ್ರಿಲ್ಲು ನಿಲ್ಲಲಿಲ್ಲ.

"ಒಂದು ಮಾತು ಕೇಳಬೇಕಿತ್ತು. ಕೊನೆಗೆ ಅವರನ್ನು ಎಂತ ಮಾಡ್ತೀರಿ? ಗಲ್ಲಿಗೆ ಎಲ್ಲ ಹಾಕೋದಿಲ್ಲ ಅಲ್ವಾ?"

ತಲೆ ಅಲ್ಲಾಡಿಸಿದರೆ ಹಲ್ಲು ಹೋದೀತೆಂದು ಎರಡೂ ಕೈ ಬೀಸಿ ಇಲ್ಲ, ಇಲ್ಲ ಎಂದೆ.

"ಹಾಗಾದ್ರೆ ಸರಿ. ಈ ಹಲ್ಲಿನ ಕೆಲಸ ಇನ್ನೂ ಉಂಟು. ನಿಮ್ಮ ಕಥೆ ಮುಗಿಯುವವರೆಗೆ ಬರ್ತಾ ಇರಿ."

ಕೊನೆಯ ಕಂತಿನಲ್ಲಿ ಅವನನ್ನು ನಿರಪರಾಧಿ ಎಂದು ಹಾರ ಹಾಕಿಸಿ ಬಿಡುಗಡೆ ಮಾಡಿದೆ. ನಾಲ್ಕೂ ಕೊಲೆ ಮಾಡಿದ್ದು ಅದೇ ಕಂತಿನಲ್ಲಿ ಮೊದಲ ಸಲ ಕಾಣಿಸಿಕೊಂಡ ಅಡುಗೆಯವನು. ಬುದ್ಧಿ ಇದೆಯೇನಮ್ಮಾ ನಿನಗೆ ಎಂದು ಕರ್ನಾಟಕದ ಮೂಲೆಮೂಲೆಯಿಂದ ಓದುಗರು ಬೈದು ಬರೆದರು. ಬೈಯಲಿ. ಅವರ್ಯಾರ ಬಾಯಲ್ಲೂ ಡ್ರಿಲ್ಲು ತಿರುಗುತ್ತಿರಲಿಲ್ಲವಲ್ಲ!